ಇದ್ದ ಗುಂಡೆಲ್ಲ ಖಾಲಿಯಾದರೂ ಟಿ-ರೆಕ್ಸ್ ಬೀಳಲಿಲ್ಲ ಎಂದವರಿಗೆ

ಪ್ರಶ್ನೆ: ಅಣ್ಣನ ಹಳೇ ಕಂಪ್ಯೂಟರ್‌ನಲ್ಲಿ ‘ಕಾರ್ನಿವೋರ್ಸ್ 2’ ಎಂಬ ಡೈನೋಸಾರ್ ಬೇಟೆಯ ಗೇಮ್ ಸಿಕ್ಕಿತು. ಎರಡು ವಾರದಿಂದ ಆಡುತ್ತಿದ್ದೇನೆ. ಅಣ್ಣನ ಖಾತೆಯಲ್ಲಿ ಅಂಕ ಬೇಕಾದಷ್ಟಿತ್ತು, ಹಾಗಾಗಿ ಎಲ್ಲ ಪ್ರಾಣಿಗಳಿಗೂ ಗುರುತು ಹಾಕಿ ಕಾಡಿಗೆ ಇಳಿಯುತ್ತೇನೆ. ಐದು ನಿಮಿಷ ಬದುಕುವುದೇ ಕಷ್ಟ. ಎಲ್ಲಿಂದಲೋ ಬಂದು ಹಿಂದಿನಿಂದ ಕಚ್ಚುತ್ತವೆ. ಸಾಧು ಪ್ರಾಣಿಗಳು ನಾನು ಹತ್ತಿರ ಹೋಗುವಷ್ಟರಲ್ಲಿ ಪರಾರಿ. ಮೊನ್ನೆ ಟಿ-ರೆಕ್ಸ್ ಮೇಲೆ ಇದ್ದ ಗುಂಡೆಲ್ಲ ಹಾರಿಸಿದೆ, ಅದಕ್ಕೆ ಏನೂ ಆಗಲಿಲ್ಲ. ಗೇಮ್ ಕೆಟ್ಟಿದೆಯಾ, ನನಗೇ ಆಡೋಕೆ ಬರಲ್ವಾ?

ಉತ್ತರ: ಗೇಮ್ ಕೆಟ್ಟಿಲ್ಲ. ನಿಮಗೆ ಆಡೋಕೆ ಬರಲ್ಲ ಅಂತಲೂ ಅಲ್ಲ. ನೀವು ಇದನ್ನು ಶೂಟಿಂಗ್ ಗೇಮ್ ಅಂದುಕೊಂಡು ಆಡುತ್ತಿದ್ದೀರಿ, ಅಷ್ಟೇ. ಇದು ಶಿಕಾರಿ. ಶೂಟಿಂಗ್ ಗೇಮಿನಲ್ಲಿ ಎದುರಾಳಿ ನಿಮ್ಮನ್ನು ಕಂಡ ಮೇಲೆ ಆಟ ಶುರುವಾಗುತ್ತದೆ. ಇಲ್ಲಿ ಪ್ರಾಣಿ ನಿಮ್ಮನ್ನು ಕಂಡಿತು ಅಂದರೆ ಆಟ ಹೆಚ್ಚುಕಡಿಮೆ ಮುಗಿಯಿತು. ಸೊಪ್ಪು ತಿನ್ನುವ ಪ್ರಾಣಿಯಾದರೆ ಅದು ಓಡುತ್ತದೆ. ಮಾಂಸ ತಿನ್ನುವುದಾದರೆ ನೀವು ಓಡಬೇಕು. ಹಾಗೆ ಓಡಿ ಗೆದ್ದವರು ಕಡಿಮೆ.

ಈ ಗೇಮ್ ಗೊತ್ತಿಲ್ಲದ ಓದುಗರಿಗೆ ಒಂದೆರಡು ಮಾತು. ಉಕ್ರೇನಿನ ಕೀವ್ ನಗರದ ಆ್ಯಕ್ಷನ್ ಫಾರ್ಮ್ಸ್ ಎಂಬ ಕಂಪನಿ 1998ರಲ್ಲಿ ‘ಕಾರ್ನಿವೋರ್ಸ್’ ಮಾಡಿತು. ಮರುವರ್ಷ, 1999ರಲ್ಲಿ, ಎರಡನೇ ಭಾಗವೂ ಬಂತು. ಕಥೆ ಸಣ್ಣದು. 2190ರಲ್ಲಿ ಎಫ್‌ಎಂಎಂ ಯುವಿ-32 ಎಂಬ ಗ್ರಹ ಪತ್ತೆಯಾಗುತ್ತದೆ, ಅಲ್ಲಿ ಡೈನೋಸಾರ್‌ಗಳು ಇವೆ, ಡೈನೋಹಂಟ್ ಎಂಬ ಕಂಪನಿ ದುಡ್ಡಿದ್ದವರನ್ನು ಅಲ್ಲಿಗೆ ಬೇಟೆಗೆ ಕರೆದೊಯ್ಯುತ್ತದೆ. ನೀವು ಆ ಗಿರಾಕಿ. ಮಿಷನ್ ಇಲ್ಲ, ಲೆವೆಲ್ ಇಲ್ಲ, ಕಿವಿಯಲ್ಲಿ ‘ಅಲ್ಲಿಗೆ ಹೋಗು, ಇಲ್ಲಿಗೆ ಬಾ’ ಎನ್ನುವವರಿಲ್ಲ. ಒಂದು ದ್ವೀಪ, ಒಂದು ಕೋವಿ, ಒಂದಿಷ್ಟು ಗುಂಡು. ಇಷ್ಟು ಹಳೆಯದಾದರೂ ಇದರ ಕಾಡಿನಲ್ಲಿ ಒಬ್ಬರೇ ನಿಂತಾಗ ಆಗುವ ಪುಕುಪುಕು ಬೇರೆ ಗೇಮಿನಲ್ಲಿ ನನಗೆ ಸಿಕ್ಕಿಲ್ಲ.

ಮೊದಲು ಮಾಡಬೇಕಾದದ್ದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಣ್ಣನ ಖಾತೆ ಬಿಟ್ಟುಬಿಡಿ. ನಿಮ್ಮದೇ ಹೆಸರಿನಲ್ಲಿ ಹೊಸದಾಗಿ ಶುರು ಮಾಡಿ. ಆಗ 100 ಅಂಕ ಸಿಗುತ್ತದೆ. ಜಾಗ, ಪ್ರಾಣಿ, ಕೋವಿ ಮೂರನ್ನೂ ಅಷ್ಟರಲ್ಲೇ ಹೊಂದಿಸಬೇಕು. ಬಡತನ ಅನ್ನಿಸುತ್ತದೆ, ಆದರೆ ಅದು ನಿಮ್ಮ ಒಳ್ಳೆಯದಕ್ಕೇ. ಆ ಅಂಕಕ್ಕೆ ದೊಡ್ಡ ಮಾಂಸಾಹಾರಿ ಎಟುಕುವುದಿಲ್ಲ. ಹಾಗಾಗಿ ಗೇಮ್ ನಿಮ್ಮನ್ನು ಪ್ಯಾರಾಸಾರೊಲೋಫಸ್‌ನಂಥ ಸಾಧು ಪ್ರಾಣಿಯ ಹಿಂದೆ ಅಲೆದಾಡಿಸಿ ಕೆಲಸ ಕಲಿಸುತ್ತದೆ. ಅಣ್ಣ ಎಷ್ಟೋ ತಿಂಗಳು ಕಲಿತದ್ದನ್ನು ನೀವು ಒಂದೇ ಏಟಿಗೆ ದಾಟಿ ಟಿ-ರೆಕ್ಸ್ ಮುಂದೆ ಹೋಗಿ ನಿಂತಿರಿ. ಅದೂ ಎಲ್ಲ ಪ್ರಾಣಿಗೂ ಗುರುತು ಹಾಕಿಕೊಂಡು! ಗುರುತು ಹಾಕಿದ ಪ್ರಾಣಿ ಆ ಕಾಡಿನಲ್ಲಿ ಇದ್ದೇ ಇರುತ್ತದೆ. ಅಲೋಸಾರಸ್, ವೆಲೋಸಿರಾಪ್ಟರ್, ಸೆರಾಟೋಸಾರಸ್, ಸ್ಪೈನೋಸಾರಸ್, ಟಿ-ರೆಕ್ಸ್, ಐದನ್ನೂ ಊಟಕ್ಕೆ ಕರೆದವರು ನೀವೇ. ಊಟ ಯಾವುದು ಅಂತ ಬೇರೆ ಹೇಳಬೇಕಾಗಿಲ್ಲ.

ಹೊಸ ಖಾತೆಯಲ್ಲಿ ಮೊದಲ ಎರಡು ಮೂರು ಸಲ ಗುಂಡು ಹಾರಿಸಲೇಬೇಡಿ. ಸುಮ್ನೆ ಓಡಾಡಿ. ದುರ್ಬೀನು ಇದೆ, ನಕ್ಷೆ ಇದೆ, ಎರಡನ್ನೂ ಬಳಸಿ ಕೈ ಪಳಗಿಸಿಕೊಳ್ಳಿ. ಯಾವ ಕೀ ಯಾವುದಕ್ಕೆ ಎಂಬುದು ಆಪ್ಷನ್ಸ್‌ನಲ್ಲಿ ಇರುತ್ತದೆ. ಪ್ರಾಣಿ ಯಾವಾಗ ತಲೆ ಎತ್ತುತ್ತದೆ, ಎಷ್ಟು ಹತ್ತಿರ ಹೋದಾಗ ಕಾಲು ಕೀಳುತ್ತದೆ ಎಂಬುದನ್ನು ನೋಡಿಕೊಳ್ಳಿ.

ಈಗ ಮುಖ್ಯ ವಿಷಯ. ಗಾಳಿ.

ನೂರಕ್ಕೆ ತೊಂಬತ್ತು ಜನ ಇದನ್ನು ಕಡೆಗಣಿಸಿಯೇ ಸಾಯುತ್ತಾರೆ ಎಂದು ನನ್ನ ಲೆಕ್ಕ. ಪರದೆಯ ಮೇಲೆ ದಿಕ್ಸೂಚಿಯ ಜೊತೆ ಗಾಳಿಯ ದಿಕ್ಕು ತೋರಿಸುವ ಇನ್ನೊಂದು ಗುರುತು ಇದೆ, ನೋಡಿದ್ದೀರಾ? ಅದು ಅಲಂಕಾರಕ್ಕೆ ಇಟ್ಟದ್ದಲ್ಲ. ಈ ಗೇಮಿನ ಪ್ರಾಣಿಗಳಿಗೆ ಕಣ್ಣು, ಕಿವಿ, ಮೂಗು ಮೂರೂ ಕೆಲಸ ಮಾಡುತ್ತವೆ. 1999ರ ಗೇಮಿನಲ್ಲಿ ಮೂಗು! ಗಾಳಿ ನಿಮ್ಮ ಬೆನ್ನಿನಿಂದ ಪ್ರಾಣಿಯ ಕಡೆಗೆ ಬೀಸುತ್ತಿದ್ದರೆ ನಿಮ್ಮ ವಾಸನೆ ನಿಮಗಿಂತ ಮೊದಲೇ ಅಲ್ಲಿಗೆ ಹೋಗಿ ಮುಟ್ಟಿರುತ್ತದೆ. ಗುಡ್ಡದ ಆಚೆ ಅಡಗಿದ್ದರೂ ಪ್ರಯೋಜನವಿಲ್ಲ. ಸಾಧು ಪ್ರಾಣಿಗಳು ‘ಹತ್ತಿರ ಹೋಗುವಷ್ಟರಲ್ಲಿ ಪರಾರಿ’ ಅಂದಿರಲ್ಲ, ಕಾರಣ ಇದೇ ಇರಬೇಕು.

ನಮ್ಮಜ್ಜ ಮಲೆನಾಡಿನವರು. 1972ರ ವನ್ಯಜೀವಿ ಕಾಯ್ದೆ ಬರುವ ಮುಂಚಿನ ಕಾಲದ ಈಡುಗಾರರು ಹೇಗೆ ಕಾಡಿಗೆ ಹೋಗುತ್ತಿದ್ದರು ಅಂತ ಕಥೆ ಹೇಳುತ್ತಿದ್ದರು. ಹಳುವಿನ ಅಂಚಿಗೆ ಬಂದ ಕೂಡಲೇ ಒಂದು ಚಿಟಿಕೆ ಒಣಮಣ್ಣು ತೆಗೆದು ಬಿಡುವುದು, ಅದು ಯಾವ ಕಡೆ ಹಾರಿತು ಅಂತ ನೋಡುವುದು, ಆಮೇಲೆ ಸುತ್ತು ಬಳಸಿಯಾದರೂ ಗಾಳಿಯನ್ನು ಮುಖಕ್ಕೆ ಇಟ್ಟುಕೊಂಡೇ ಒಳಗೆ ಕಾಲಿಡುವುದು. ‘ಗಾಳಿ ಬಂದಾಗ ತೂರಿಕೋ’ ಅನ್ನುವುದು ಕಣದ ಮಾತು. ಇಲ್ಲಿ ಗಾಳಿ ಬಂದಾಗ ನಿಂತು ದಿಕ್ಕು ನೋಡಿಕೊಳ್ಳಬೇಕು. ನಕ್ಷೆ ತೆರೆದು, ಪ್ರಾಣಿ ಎಲ್ಲಿದೆ, ಗಾಳಿ ಎತ್ತ ಅಂತ ನೋಡಿ ದಾರಿ ಹಿಡಿಯಿರಿ. ನೇರ ದಾರಿ ಎರಡು ನಿಮಿಷದ್ದಾಗಿರಬಹುದು, ಸುತ್ತು ದಾರಿ ಹತ್ತು ನಿಮಿಷದ್ದು. ಸುತ್ತು ದಾರಿಯಲ್ಲೇ ಹೋಗಿ. ಅರ್ಧ ದಾರಿಯಲ್ಲಿ ಇನ್ನೊಮ್ಮೆ ಆ ಗುರುತಿನ ಕಡೆ ಕಣ್ಣು ಹಾಯಿಸಿ, ಗಾಳಿ ಹಾಗೇ ಇರುತ್ತದೆ ಅಂತ ನಂಬಬೇಡಿ.

ಇನ್ನು ಕಿವಿ. ನೀವು ಓಡಿದರೆ ಪ್ರಾಣಿಗೆ ಕೇಳಿಸುತ್ತದೆ. ನಡೆದರೆ ಕಡಿಮೆ, ಬಗ್ಗಿ ನಡೆದರೆ ಇನ್ನೂ ಕಡಿಮೆ. ಹಾಗಂತ ಇಡೀ ದ್ವೀಪವನ್ನು ಬಗ್ಗಿಕೊಂಡೇ ದಾಟಿದರೆ ಬೆಳಗಾಗುತ್ತದೆ. ದೂರದಲ್ಲಿ ನಡೆಯಿರಿ, ಪ್ರಾಣಿ ಬರಿಗಣ್ಣಿಗೆ ಕಾಣಲು ಶುರುವಾದ ಮೇಲೆ ಬಗ್ಗಿ. ಓಡುವುದನ್ನು ಮಾತ್ರ ಮರೆತುಬಿಡಿ. ಓಡುವ ಅಭ್ಯಾಸ ಬೇರೆ ಗೇಮ್‌ಗಳಿಂದ ಬಂದದ್ದು, ನನಗೂ ಅದು ಹೋಗಲು ತಿಂಗಳು ಹಿಡಿಯಿತು.

ಕಣ್ಣಿನ ವಿಷಯ ಸುಲಭ. ಪ್ರಾಣಿಯ ಮುಖ ಎತ್ತ ಇದೆ ನೋಡಿ, ಅದರ ಬೆನ್ನ ಕಡೆಯಿಂದ ಬನ್ನಿ. ನಡುವೆ ಒಂದು ದಿಬ್ಬ ಇದ್ದರೆ ಅದಕ್ಕಿಂತ ಒಳ್ಳೆಯ ಮರೆ ಇಲ್ಲ. ದಿಬ್ಬದ ನೆತ್ತಿ ತಲುಪಿದಾಗ ಎದ್ದು ನಿಲ್ಲಬೇಡಿ, ಆಕಾಶದ ಬೆಳಕಿಗೆ ಎದುರಾಗಿ ಗೂಟದ ಹಾಗೆ ಕಾಣುತ್ತೀರಿ.

ಪ್ರಾಣಿಗೆ ಕಿವಿ ಇರುವ ಹಾಗೆ ನಿಮಗೂ ಇದೆ ಅಲ್ವಾ? ಹಿಂದಿನಿಂದ ಕಚ್ಚುತ್ತವೆ ಎನ್ನುವವರನ್ನು ನಾನು ಕೇಳುವ ಮೊದಲ ಪ್ರಶ್ನೆ: ಹೆಡ್‌ಫೋನ್ ಹಾಕಿಕೊಂಡು ಆಡುತ್ತೀರಾ? ನಾನು ಈ ಗೇಮ್ ಮೊದಲು ಆಡಿದ್ದು ಗಂಟೆಗೆ 20 ರೂಪಾಯಿ ತೆಗೆದುಕೊಳ್ಳುತ್ತಿದ್ದ ಒಂದು ಸೈಬರ್ ಕೆಫೆಯಲ್ಲಿ. ಅಲ್ಲಿನ ಹೆಡ್‌ಫೋನಿನ ಎಡಗಿವಿ ಸತ್ತುಹೋಗಿತ್ತು. ಒಂದು ತಿಂಗಳು ನಾನು ಸತ್ತದ್ದೆಲ್ಲ ಎಡಗಡೆಯಿಂದಲೇ. ಹೊಸ ಹೆಡ್‌ಫೋನ್ ಬಂದ ದಿನ ನನ್ನ ಆಟವೇ ಬದಲಾಯಿತು. ಹೆಜ್ಜೆ ಸದ್ದು, ಕೂಗು ಯಾವ ಕಡೆಯಿಂದ ಬಂತು ಎಂಬುದೇ ಇಲ್ಲಿ ಅರ್ಧ ಜೀವ. ಹಾಡು ಹಾಕಿಕೊಂಡು ಆಡುವ ಗೇಮ್ ಇದಲ್ಲ.

ಕೋವಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಎಲ್ಲರೂ ಅದನ್ನೇ ಜಾಸ್ತಿ ಯೋಚಿಸುತ್ತಾರೆ. ಕೊಳ್ಳುವ ಜಾಗದಲ್ಲಿ ಪ್ರತಿ ಕೋವಿಯ ಬಲ, ಗುರಿ, ಸದ್ದು, ಗುಂಡು ಎಲ್ಲ ಬರೆದಿರುತ್ತದೆ. ಜನ ಬಲ ನೋಡುತ್ತಾರೆ, ನೀವು ಸದ್ದು ನೋಡಿ. ಒಂದು ಈಡು ಹಾರಿದರೆ ಸುತ್ತಲಿನ ಪ್ರಾಣಿಗಳೆಲ್ಲ ಬೆಚ್ಚುತ್ತವೆ. ಆಮೇಲೆ ಆ ಪ್ರದೇಶದಲ್ಲಿ ಗಂಟೆಗಟ್ಟಲೆ ಅಲೆದರೂ ಸಿಗುವುದು ಬಾಲ ಮಾತ್ರ. ಎಕ್ಸ್-ಬೋ ಎಂಬ ಬಿಲ್ಲುಗೋವಿಗೆ ಸದ್ದೇ ಇಲ್ಲ ಅನ್ನಬಹುದು. ಆದರೆ ಅದರ ಬಾಣ ಹೋಗುತ್ತ ಹೋಗುತ್ತ ಕೆಳಗೆ ಬಾಗುತ್ತದೆ, ದೂರದ ಪ್ರಾಣಿಗೆ ಸ್ವಲ್ಪ ಮೇಲೆ ಗುರಿಯಿಡಬೇಕು. ಕೈ ಕುದುರಲು ಸಮಯ ಬೇಕು. ಕುದುರಿದ ಮೇಲೆ ಬೇರೆ ಯಾವುದೂ ಬೇಡ ಅನ್ನಿಸುತ್ತದೆ. ನನ್ನ ಪಕ್ಷಪಾತ ಇದು, ಸ್ನೈಪರ್ ಪ್ರಿಯರು ಬೈಯಬಹುದು.

ಜೊತೆಗೆ ಒಯ್ಯುವ ಸಾಮಾನುಗಳಿವೆ. ಮರೆಬಟ್ಟೆ ತೊಟ್ಟರೆ ಕಣ್ಣಿಗೆ ಬೀಳುವುದು ಕಡಿಮೆ, ವಾಸನೆ ಮುಚ್ಚುವ ದ್ರವ ಹಚ್ಚಿಕೊಂಡರೆ ಮೂಗಿಗೆ ಸಿಗುವುದು ಕಡಿಮೆ, ರೇಡಾರ್ ಇದ್ದರೆ ನೀವು ಗುರುತು ಹಾಕಿದ ಪ್ರಾಣಿಗಳು ನಕ್ಷೆಯಲ್ಲಿ ಚುಕ್ಕಿಯಾಗಿ ಕಾಣುತ್ತವೆ. ಇವನ್ನು ತೆಗೆದುಕೊಂಡರೆ ಬೇಟೆಯ ಅಂಕದಲ್ಲಿ ಕಡಿತ ಇದೆ. ಹೊಸಬರು ಅಂಕದ ಆಸೆಗೆ ಏನೂ ಇಲ್ಲದೆ ಇಳಿಯುತ್ತಾರೆ, ಸೊನ್ನೆ ಅಂಕ ತರುತ್ತಾರೆ. ಮೊದಲ ಹತ್ತು ಬೇಟೆಗೆ ರೇಡಾರ್ ಇರಲಿ. ಆಮೇಲೆ ಮೊದಲು ಬಿಡಬೇಕಾದದ್ದೂ ಅದನ್ನೇ. ಚುಕ್ಕಿ ನೋಡುತ್ತ ನಡೆದವರು ಕಾಡು ನೋಡುವುದನ್ನೇ ಮರೆಯುತ್ತಾರೆ.

ಕರೆಯುವ ಒಂದು ವಿದ್ಯೆಯೂ ಇದೆ. ಒಂದು ಕೀ ಒತ್ತಿದರೆ ನೀವು ಆರಿಸಿದ ಪ್ರಾಣಿಯ ಕೂಗು ಹೊರಡುತ್ತದೆ. ಹತ್ತಿರದಲ್ಲಿ ಅದೇ ಜಾತಿಯದು ಇದ್ದು, ಅದು ಇನ್ನೂ ಬೆಚ್ಚಿರದಿದ್ದರೆ ಉತ್ತರ ಕೊಡುತ್ತದೆ, ನಿಧಾನವಾಗಿ ನಿಮ್ಮ ಕಡೆಗೇ ಬರುತ್ತದೆ. ಪ್ಯಾರಾಸಾರೊಲೋಫಸ್ ಜೊತೆ ಇದನ್ನು ಮಾಡಿ ನೋಡಿ. ನಿಜವಾದ ಪ್ಯಾರಾಸಾರೊಲೋಫಸ್‌ನ ತಲೆಯ ಮೇಲೆ ಹಿಂದಕ್ಕೆ ಬಾಗಿದ ಉದ್ದ ಕೊಂಬಿನಂಥ ಜುಟ್ಟು ಇತ್ತು. ಒಳಗೆ ಟೊಳ್ಳು, ಮೂಗಿನ ಗಾಳಿ ಅದರೊಳಗೆ ಸುತ್ತಿ ಬರುತ್ತಿತ್ತು. ಅದರಿಂದ ನಮ್ಮ ಕೊಂಬು ಕಹಳೆಯಂತೆ ತಗ್ಗಿದ ದನಿ ಹೊರಡಿಸುತ್ತಿತ್ತು ಎಂದು ಬಹಳ ವಿಜ್ಞಾನಿಗಳು ನಂಬುತ್ತಾರೆ. 1922ರಲ್ಲಿ ಕೆನಡಾದ ವಿಲಿಯಂ ಪಾರ್ಕ್ಸ್ ಅದಕ್ಕೆ ಹೆಸರಿಟ್ಟರು. ಗೇಮಿನಲ್ಲಿ ಕೂಗಿದ ಮೇಲೆ ಕೂಡಲೇ ಮತ್ತೆ ಮತ್ತೆ ಕೂಗಬೇಡಿ. ಒಂದು ಸಲ ಕೂಗಿ, ಮರೆಯಲ್ಲಿ ಕೂತು ಕಾಯಿರಿ. ಬೇಟೆಯನ್ನು ಹುಡುಕಿ ಹೋಗುವುದಕ್ಕಿಂತ ಅದನ್ನು ಕರೆಸಿಕೊಳ್ಳುವುದು ಎಷ್ಟೋ ಸುರಕ್ಷಿತ.

ಸಸ್ಯಾಹಾರಿಗಳೆಲ್ಲ ಹಸುವಿನಂತೆ ಸಾಧು ಎಂದುಕೊಳ್ಳಬೇಡಿ. ಮೂರು ಕೊಂಬಿನ ಟ್ರೈಸೆರಾಟಾಪ್ಸ್ ಮೊದಲ ಭಾಗದಲ್ಲಿದೆ, ಅದರ ಬಂಧು ಕ್ಯಾಸ್ಮೊಸಾರಸ್ ನಿಮ್ಮ ಎರಡನೇ ಭಾಗದಲ್ಲಿದೆ. ತೀರಾ ಹತ್ತಿರ ಹೋಗಿ ಕೆಣಕಿದರೆ ಇವು ತಿರುಗಿ ನುಗ್ಗುತ್ತವೆ. ಮಾಂಸ ತಿನ್ನದ ಪ್ರಾಣಿಯಿಂದ ಸಾಯುವುದು ಸ್ವಲ್ಪ ಮರ್ಯಾದೆಗೇಡು.

ವೆಲೋಸಿರಾಪ್ಟರ್ ಬಗ್ಗೆ ಒಂದು ತಮಾಷೆ. ಗೇಮಿನಲ್ಲಿ ಅದು ಆಳೆತ್ತರ. ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ ಸಿಕ್ಕು, 1924ರಲ್ಲಿ ಹೆಸರು ಪಡೆದ ನಿಜವಾದ ವೆಲೋಸಿರಾಪ್ಟರ್ ಟರ್ಕಿ ಕೋಳಿಯಷ್ಟು ದೊಡ್ಡದು, ಬಾಲ ಮಾತ್ರ ಉದ್ದ. ಅದಕ್ಕೆ ಗರಿಗಳೂ ಇದ್ದವು. ಮುಂಗೈ ಮೂಳೆಯ ಮೇಲೆ ಗರಿ ಕೂರುವ ಗಂಟುಗಳನ್ನು 2007ರಲ್ಲಿ ಗುರುತಿಸಿದರು. ಆದರೆ ಗೇಮಿನ ಕೋಳಿ ನಿಮ್ಮನ್ನು ಒಂದೇ ಬಾಯಿಗೆ ಮುಗಿಸುತ್ತದೆ. ಹೌದು, ಈ ಗೇಮಿನಲ್ಲಿ ಜೀವ ಇಳಿಯುತ್ತಾ ಹೋಗುವ ಕೆಂಪು ಪಟ್ಟಿ ಇಲ್ಲ. ಮುಟ್ಟಿದರೆ ಮುಗಿಯಿತು. ಹಾಗಾಗಿ ರಾಪ್ಟರ್ ನಿಮ್ಮ ಕಡೆ ಹೊರಟದ್ದು ಕಂಡರೆ ಬೆನ್ನು ತೋರಿಸಬೇಡಿ, ನಿಮ್ಮ ಕಾಲಿಗಿಂತ ಅದರ ಕಾಲು ಚುರುಕು. ನಿಂತುಕೊಳ್ಳಿ. ಬಯಲಿದ್ದರೆ ಬಯಲಿನಲ್ಲಿ ನಿಲ್ಲಿ, ಪೊದೆಯ ನಡುವೆ ಬೇಡ. ಅದು ನೇರವಾಗಿ ನಿಮ್ಮ ಮೇಲೆಯೇ ಬರುವಾಗ ಗುರಿ ಅಡ್ಡಡ್ಡ ಓಡುವುದಿಲ್ಲ, ಕೊಂಚ ಧೈರ್ಯ ಇದ್ದರೆ ಸಾಕು. ಹತ್ತಿರಕ್ಕೆ ಶಾಟ್‌ಗನ್ ಒಳ್ಳೆಯದು. ನೀರಿಗೆ ಹಾರಿ ಪಾರಾಗುವ ಯೋಚನೆ ಎರಡನೇ ಭಾಗದಲ್ಲಿ ಬೇಡ, ಅವು ಈಜುತ್ತವೆ.

ಈಗ ನಿಮ್ಮ ಟಿ-ರೆಕ್ಸ್. ಇದನ್ನು ಯಾರಾದರೂ ಮೊದಲೇ ಹೇಳಬೇಕಿತ್ತು. ಈ ಗೇಮಿನಲ್ಲಿ ಅದನ್ನು ಕೊಲ್ಲಲು ಇರುವುದು ಒಂದೇ ಜಾಗ: ಕಣ್ಣು. ಹೊಟ್ಟೆಗೆ, ಕಾಲಿಗೆ, ಕುತ್ತಿಗೆಗೆ ಎಷ್ಟು ಹೊಡೆದರೂ ಅದಕ್ಕೆ ಸೊಳ್ಳೆ ಕಚ್ಚಿದ ಹಾಗೆ. ನಿಮ್ಮ ಗುಂಡುಗಳೆಲ್ಲ ತಾಗಿಯೇ ಇರಬಹುದು, ಕಣ್ಣಿಗೆ ತಾಗಿಲ್ಲ ಅಷ್ಟೇ.

ಕಣ್ಣಿಗೆ ಹೊಡೆಯಬೇಕು ಅಂದರೆ ಅದು ನಿಂತಿರಬೇಕು. ಓಡಿ ಬರುವ ರೆಕ್ಸ್‌ನ ತಲೆ ಮೇಲೆ ಕೆಳಗೆ ತೂಗುತ್ತಿರುತ್ತದೆ, ಆಗ ಕಣ್ಣು ಹುಡುಕುವುದು ಲಾಟರಿ. ಆದರೆ ತನ್ನಷ್ಟಕ್ಕೆ ತಿರುಗಾಡುವಾಗ ಅದು ಆಗಾಗ ನಿಂತು ತಲೆ ಆಡಿಸುತ್ತ ಸುತ್ತ ನೋಡುತ್ತದೆ. ಆ ಕೆಲವು ಗಳಿಗೆಯೇ ನಿಮ್ಮದು. ಅದಕ್ಕೆ ಬೇಕಾದ ಏರ್ಪಾಡು ಹೀಗೆ: ರೆಕ್ಸ್ ಒಂದಕ್ಕೇ ಗುರುತು ಹಾಕಿ, ಬೇರೆ ಮಾಂಸಾಹಾರಿ ಬೇಡ. ಸ್ನೈಪರ್ ರೈಫಲ್ ಇರಲಿ (ಇಲ್ಲಿ ನನ್ನ ಬಿಲ್ಲುಗೋವಿ ಸೋಲುತ್ತದೆ, ಒಪ್ಪಿಕೊಳ್ಳುತ್ತೇನೆ). ವಾಸನೆ ಮುಚ್ಚುವ ದ್ರವ ಇರಲಿ. ಗಾಳಿ ಮುಖಕ್ಕೆ ಬರುವಂತೆ ಒಂದು ದಿಬ್ಬದ ಹಿಂದೆ ಕೂತು, ದುರ್ಬೀನಿನಲ್ಲಿ ಅದರ ಓಡಾಟ ನೋಡಿ. ಪಕ್ಕದಿಂದ ಕಣ್ಣು ಕಾಣುವಂತೆ ಅದು ಅಡ್ಡಕ್ಕೆ ನಿಂತಾಗ ಒಂದು ಗುಂಡು. ತಪ್ಪಿತೋ, ಎರಡನೆಯದು ಹಾರಿಸುವ ಆಸೆ ಬಿಡಿ. ದಿಬ್ಬದ ಹಿಂದಕ್ಕೆ ಇಳಿಯಿರಿ, ಅದಕ್ಕೆ ನೀವು ಕಾಣದಂತೆ ದೂರ ಸರಿಯಿರಿ. ಅದು ನಿಮ್ಮನ್ನು ಕಂಡೇಬಿಟ್ಟು ಓಡಿ ಬರುತ್ತಿದ್ದರೆ ಮಾತ್ರ ಮಿಕ್ಕ ಗುಂಡು ಹಾರಿಸಿ, ಆಗ ಕಳೆದುಕೊಳ್ಳುವುದು ಏನೂ ಉಳಿದಿರುವುದಿಲ್ಲ.

ಅಲುಗಾಡದೆ ನಿಂತರೆ ರೆಕ್ಸ್‌ಗೆ ಕಾಣಿಸುವುದಿಲ್ಲ ಎಂಬ ಮಾತನ್ನು ಕೇಳಿರುತ್ತೀರಿ. ಅದು ಸಿನಿಮಾದ ಮಾತು. ಗೇಮಿನಲ್ಲೂ ನಂಬಬೇಡಿ, ನಿಜದಲ್ಲೂ ಅದು ಸುಳ್ಳು. ನಿಜವಾದ ಟಿ-ರೆಕ್ಸ್‌ನ ಕಣ್ಣುಗಳು ಹದ್ದಿನಂತೆ ಮುಂದಕ್ಕೆ ನೋಡುತ್ತಿದ್ದವು, ದೂರ ಅಳೆಯುವ ಶಕ್ತಿ ಚೆನ್ನಾಗಿತ್ತು. ಮಿದುಳಿನಲ್ಲಿ ವಾಸನೆ ಹಿಡಿಯುವ ಭಾಗವೂ ಅದರ ಗಾತ್ರದ ಬೇರೆ ಮಾಂಸಾಹಾರಿಗಳಿಗಿಂತ ದೊಡ್ಡದಿತ್ತು ಎಂದು ಕೆನಡಾದ ಸಂಶೋಧಕರು 2008ರಲ್ಲಿ ತೋರಿಸಿದರು. ಓಟದ ವಿಷಯದಲ್ಲಿ ಮಾತ್ರ ಗೇಮ್ ಸ್ವಲ್ಪ ಉಬ್ಬಿಸಿದೆ. ಅಷ್ಟು ಭಾರದ ಮೈ ಹೊತ್ತು ಜೋರಾಗಿ ಓಡಲು ಬೇಕಾಗುವ ಕಾಲಿನ ಸ್ನಾಯು ಅದಕ್ಕೆ ಇರಲು ಸಾಧ್ಯವಿಲ್ಲ ಎಂದು 2002ರಲ್ಲೇ ಲೆಕ್ಕ ಹಾಕಿದ್ದಾರೆ. ಆ ಲೆಕ್ಕ ನೆಚ್ಚಿಕೊಂಡು ಗೇಮಿನಲ್ಲಿ ಓಡಬೇಡಿ.

ಇದೇ ಗೇಮನ್ನು ಟಾಟೆಮ್ ಗೇಮ್ಸ್ ಫೋನಿಗೂ ತಂದಿದೆ. ಸಣ್ಣ ಪರದೆಯಲ್ಲಿ ಗುರಿ ಹಿಡಿಯುವುದು ಕಿರಿಕಿರಿ, ಗಾಳಿ ಮತ್ತು ಸದ್ದಿನ ಪಾಠ ಮಾತ್ರ ಅಲ್ಲೂ ಉಪಯೋಗಕ್ಕೆ ಬರುತ್ತದೆ.

ಕೊನೆಗೆ ವಾಪಸ್ ಬರುವ ವಿಷಯ. ಪ್ರಾಣಿ ಬಿದ್ದ ಮೇಲೆ ಆಕಾಶದಿಂದ ಒಂದು ಹಡಗು ಬಂದು ಅದನ್ನು ಎತ್ತಿಕೊಂಡು ಹೋಗುತ್ತದೆ. ಆಮೇಲೆ ಅದು ನಿಮ್ಮ ಟ್ರೋಫಿ ಕೋಣೆಯಲ್ಲಿ ನಿಲ್ಲುತ್ತದೆ. ಎಷ್ಟು ತೂಕ, ಎಷ್ಟು ಉದ್ದ, ಯಾವ ಕೋವಿ, ಎಷ್ಟು ದೂರದಿಂದ ಹೊಡೆದದ್ದು ಎಲ್ಲ ಬರೆದಿರುತ್ತದೆ. ಆದರೆ ಹಡಗು ಎತ್ತಿಕೊಂಡು ಹೋದ ಮಾತ್ರಕ್ಕೆ ಅದು ನಿಮ್ಮದಾಗಲಿಲ್ಲ. ನೀವು ಜೀವಂತ ವಾಪಸ್ ಬಂದರೆ ಮಾತ್ರ ಲೆಕ್ಕ. ಸತ್ತರೆ ಆ ಬೇಟೆಯಲ್ಲಿ ಗಳಿಸಿದ್ದೆಲ್ಲ ಹೋಯಿತು.

ನನಗೆ ಇದು ಗೊತ್ತಾದದ್ದು ಅದೇ ಸೈಬರ್ ಕೆಫೆಯಲ್ಲಿ. ನನ್ನ ಮೊದಲ ರೆಕ್ಸ್ ಬಿದ್ದಿತ್ತು. ಪಕ್ಕದ ಕುರ್ಚಿಗಳಿಂದ ಹುಡುಗರು ಎದ್ದು ಬಂದು ಹಿಂದೆ ನಿಂತಿದ್ದರು. ಹಡಗು ಬಂತು, ಎತ್ತಿತು, ಹೋಯಿತು. ಇನ್ನೂ ಹನ್ನೆರಡು ನಿಮಿಷ ಬಾಕಿ ಇತ್ತು, ದುಡ್ಡು ಕೊಟ್ಟಾಗಿದೆ, ಸುಮ್ನೆ ಯಾಕೆ ಬಿಡೋದು ಅಂತ ಇನ್ನೊಂದು ಅಲೋಸಾರಸ್ ಹುಡುಕಿ ಹೊರಟೆ. ಗಾಳಿ ಬೆನ್ನಿಗಿತ್ತು. ನೋಡಲಿಲ್ಲ. ಟ್ರೋಫಿ ಕೋಣೆಗೆ ಹೋದಾಗ ರೆಕ್ಸ್ ಇರಬೇಕಾದ ಜಾಗ ಖಾಲಿ. ಹಿಂದೆ ನಿಂತಿದ್ದ ಹುಡುಗರು ಒಬ್ಬೊಬ್ಬರಾಗಿ ತಮ್ಮ ಕುರ್ಚಿಗೆ ಹೋಗಿ ಕೂತರು. ನನಗೆ ಇನ್ನೂ ಒಂಬತ್ತು ನಿಮಿಷ ಉಳಿದಿತ್ತು.